ಅಪ್ಪನ ಮುಂಗೈ ಮೇಲಿನ ಸೀಲು

ನನ್ನ ಅಪ್ಪ ಹೊಲಿಗೆ ಕಾರ್ಖಾನೆಯ ಗೋದಾಮಿನಲ್ಲಿ ಬಟ್ಟೆ ಕತ್ತರಿಸುವವನು. ಇಪ್ಪತ್ತೆರಡು ವರ್ಷದಿಂದ ಒಂದೇ ಸ್ಟೂಲು, ಒಂದೇ ಕತ್ತರಿ. ಹೊಟ್ಟೆ ಮಾತ್ರ ವರ್ಷ ವರ್ಷಕ್ಕೂ ಬಡ್ತಿ ಪಡೆಯುತ್ತಾ ಬಂದಿದೆ. ಸುತ್ತ ಸೂರಿನವರೆಗೆ ಬಟ್ಟೆಯ ಸುರುಳಿಗಳು. ಮುಂಗೈ ಮೇಲೆ ಸೀಲು ಬೀಳದೆ ಅಪ್ಪ ಅದರಲ್ಲಿ ಒಂದು ಗೇಣು ಬಟ್ಟೆಯನ್ನೂ ಕತ್ತರಿಸುವುದಿಲ್ಲ.

ಹೌದು, ಸೀಲು ಬೀಳುವುದು ಕಾಗದದ ಮೇಲಲ್ಲ, ಕೈ ಮೇಲೆ. ತಪ್ಪು ಅಪ್ಪನದೇ. ಹಿಂದೊಮ್ಮೆ ಸೀಲು ಹಾಕಿದ ಚೀಟಿಯನ್ನು ಅಂಗಿ ಜೇಬಿನಲ್ಲಿಟ್ಟು ಮರೆತುಬಿಟ್ಟ. ಅಮ್ಮ ಅಂಗಿಯನ್ನು ಚೆನ್ನಾಗಿ ಕುಕ್ಕಿ ಒಗೆದಳು. ನಲವತ್ತು ಮೀಟರು ಕತ್ತರಿಸಿಯಾದ ಮೇಲೆ ಹೊಲಿಗೆ ವಿಭಾಗದವರು, ನಾವು ಕೇಳಿಯೇ ಇಲ್ಲ ಅಂದರು; ತೋರಿಸಲು ಚೀಟಿ ಉಳಿದಿರಲಿಲ್ಲ. ಸೂಪರ್‌ವೈಸರಿಗೆ ಪಿತ್ತ ನೆತ್ತಿಗೇರಿತು. "ಕೈಯನ್ನ ಆದ್ರೂ ಒಗೆಯೋಕೆ ಹಾಕಲ್ವಲ್ಲ!" ಎಂದು ಅಪ್ಪನ ಮುಂಗೈ ಎಳೆದು ಸೀಲು ಗುದ್ದಿದರು. ಅವತ್ತಿನ ಸಿಟ್ಟು ಮರುದಿನದಿಂದ ನಿಯಮವಾಯಿತು.

ಆದರೆ ಅಮ್ಮ ಕೈಯನ್ನೂ ಬಿಡಲಿಲ್ಲ. ಸಂಜೆ ಅಪ್ಪ ಬಾಗಿಲು ದಾಟುತ್ತಿದ್ದಂತೆ ಪಾತ್ರೆ ತಿಕ್ಕುವ ನಾರು, ಸೋಪು ಹಿಡಿದು ನಿಲ್ಲುತ್ತಾಳೆ. ಅದಕ್ಕೆ ಕಾರಣವಿದೆ. ಸೀಲು ಇರುವಷ್ಟು ಹೊತ್ತು ಅಪ್ಪನ ಬೆರಳುಗಳು ಸುಮ್ಮನಿರುವುದಿಲ್ಲ. ಗಾಳಿಯಲ್ಲೇ ಕತ್ತರಿಸುತ್ತಿರುತ್ತವೆ. ಒಂದು ದಿನ ಅಮ್ಮ ಊರಲ್ಲಿರಲಿಲ್ಲ. ಅಪ್ಪ ಸೀಲಿನ ಕೈಯಲ್ಲೇ ಕೂತು, ಮಾತಾಡುತ್ತಾ ಮಾತಾಡುತ್ತಾ, ಕೈಗೆ ಸಿಕ್ಕ ಕತ್ತರಿಯಿಂದ ಕಿಟಕಿಯ ಪರದೆಯ ಅಂಚನ್ನು ಪೂರ್ತಿ ಕತ್ತರಿಸಿ ಮುಗಿಸಿದ್ದ. ತಿಕ್ಕಿ ತೊಳೆದರೆ ಮಾತ್ರ ಅವನು ನಮ್ಮ ಮನೆಯ ಮನುಷ್ಯ.

ಇಂಥ ಅಪ್ಪನ ಮಗಳಾದ ನಾನು ಜೀವರಸಾಯನಶಾಸ್ತ್ರದ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೂರನೆಯದು ಕೊನೆಯ ಅವಕಾಶ. ಅದೂ ಹೋದರೆ ಕಾಲೇಜು ಬಿಟ್ಟು ಮನೆಗೆ. ಅಪ್ಪ ಗೋದಾಮಿನವರಿಗೆಲ್ಲ ನನ್ನ ಮಗಳು ವಿಜ್ಞಾನಿ ಎಂದು ಆಗಲೇ ಹೇಳಿಯಾಗಿತ್ತು.

"ಅಂಥದ್ದೇನು ಕೇಳಿದ್ರು?" ಎಂದು ಒಂದು ಭಾನುವಾರ ಅಪ್ಪ ಪಕ್ಕದಲ್ಲಿ ಬಂದು ಕೂತ.

"ಅಡ್ರಿನಲಿನ್ ಅಂತ ಒಂದು ಹಾರ್ಮೋನು ಅಪ್ಪಾ. ಹೆದರಿದಾಗ, ಓಡಿದಾಗ ರಕ್ತದಲ್ಲಿ ಬರುತ್ತೆ. ಕೂಡಿಟ್ಟ ಕೊಬ್ಬು ಬಿಡಿಸಿ ಅಂತ ಕೊಬ್ಬಿನ ಕೋಶಕ್ಕೆ ಹೇಳುತ್ತೆ. ಹೇಗೆ ಅಂತ ಕೇಳಿದ್ರು."

"ನೀನೇನಂದೆ?"

"ಸೀದಾ ಒಳಗೆ ಹೋಗಿ ಕೊಬ್ಬು ಕತ್ತರಿಸುತ್ತೆ ಅಂದೆ."

ತನ್ನ ಗೋದಾಮಿಗೇ ಕಳ್ಳ ನುಗ್ಗಿದಂತೆ ಅಪ್ಪ ಎದ್ದು ನಿಂತ. "ಒಳಗೆ ಬಿಟ್ಟೋರು ಯಾರು ಅವನನ್ನ? ಬೇಕಾದವ್ರೆಲ್ಲ ಒಳಗೆ ಬಂದು ಕತ್ತರಿಸ್ಕೊಂಡು ಹೋದ್ರೆ ನಾನ್ಯಾಕೆ ಅಲ್ಲಿ? ಫೇಲ್ ಮಾಡಿದ್ದೇ ಸರಿ!"

ಆಮೇಲೆ ಅಪ್ಪ ಪಾಠ ಶುರುಮಾಡಿದ. ಹೊಲಿಗೆ ವಿಭಾಗದ ಆಳು ಕಿಟಕಿಯ ಹೊರಗೇ ನಿಂತು ಬೆಲ್ ಒತ್ತುತ್ತಾನೆ. ಬೆಲ್ ಕೇಳಿದ ಗುಮಾಸ್ತೆ ಒಳಗೆ ಚೀಟಿ ಬರೆಯುತ್ತಾಳೆ. ಚೀಟಿ ನೋಡಿದ ಸೂಪರ್‌ವೈಸರ್ ಎದ್ದು ಬಂದು ಅಪ್ಪನ ಕೈಗೆ ಸೀಲು ಗುದ್ದುತ್ತಾರೆ. ಆಗ ಕತ್ತರಿ ಏಳುತ್ತದೆ. ನಾನು ಪುಸ್ತಕ ತೆರೆದು ನೋಡಿ ಬೆಪ್ಪಾದೆ. ಹೊರಗಿನ ಆಳು ಅಡ್ರಿನಲಿನ್. ಚೀಟಿಯ ಹೆಸರು ಸೈಕ್ಲಿಕ್ ಎಎಂಪಿ. ಸೂಪರ್‌ವೈಸರ್ ಪ್ರೋಟೀನ್ ಕೈನೇಸ್, ಅವರು ಗುದ್ದುವ ಸೀಲು ಫಾಸ್ಫೇಟ್. ಅಪ್ಪ ಲೈಪೇಸ್ ಎಂಬ ಕಿಣ್ವ: ಯಾವಾಗಲೂ ಅಲ್ಲೇ ಇರುವವನು, ಸೀಲು ಬಿದ್ದರಷ್ಟೇ ಕೊಬ್ಬು ಕತ್ತರಿಸುವವನು.

"ಮಧ್ಯಾಹ್ನ ಊಟದ ಹೊತ್ತಿಗೆ ಉಳಿದ ಚೀಟಿ ಎಲ್ಲ ಹರಿದು ಹಾಕ್ತಾರೆ, ಅದೂ ಇದೆಯಾ?"

"ಇದೆ ಅಪ್ಪಾ! ಊಟ ಆದ್ಮೇಲೆ ಇನ್ಸುಲಿನ್ ಬಂದು ಚೀಟಿ ಹರಿದು ಹಾಕಿಸುತ್ತೆ."

ಅಪ್ಪ ಹೊಟ್ಟೆಯ ಮೇಲೆ ಕೈಯಿಟ್ಟು ಗಂಭೀರವಾದ. "ಹಾಗಾದ್ರೆ ಇದರೊಳಗೂ ನನ್ನಂಥವನೊಬ್ಬ ಕೂತಿದಾನೆ?"

"ಕೂತೇ ಇದಾನೆ," ಎಂದಳು ಅಮ್ಮ ಅಡುಗೆಮನೆಯಿಂದ. "ದಿನಕ್ಕೆ ಐದು ಸಲ ತಿಂದ್ರೆ ಅವನಿಗೆಲ್ಲಿ ಕೆಲಸ?"

ವೈವಾದ ದಿನ ಹೊರಗಿನಿಂದ ಬಂದ ಪರೀಕ್ಷಕಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅದೇ ಪ್ರಶ್ನೆ ಕೇಳಿದರು. ಕಿಟಕಿ, ಚೀಟಿ, ಸೀಲು ಎಂದು ಮನಸ್ಸಿನಲ್ಲೇ ಅಂದುಕೊಂಡು, ಬಾಯಲ್ಲಿ ಪುಸ್ತಕದ ಹೆಸರುಗಳನ್ನು ಪಟಪಟನೆ ಹೇಳಿದೆ. ಅವರು ತಲೆಯಾಡಿಸಿದರು. ಬದುಕಿದೆ ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಂತು.

"ಹಾರ್ಮೋನು ಹೋಯ್ತು. ಸೈಕ್ಲಿಕ್ ಎಎಂಪಿನೂ ಇಲ್ಲ. ಆದ್ರೆ ಲೈಪೇಸ್ ಮೇಲೆ ಫಾಸ್ಫೇಟ್ ಹಾಗೇ ಇದೆ. ಅದನ್ನ ನಿಲ್ಲಿಸೋರು ಯಾರು?"

ಇದನ್ನು ನಾನು ಓದಿರಲಿಲ್ಲ. ಓದಿದ್ದರೂ ಆ ಗಳಿಗೆಯಲ್ಲಿ ಅದು ತಲೆಯಲ್ಲಿರಲಿಲ್ಲ. ಅಪ್ಪ ಗೋದಾಮಿನವರಿಗೆ ಏನು ಹೇಳುತ್ತಾನೆ ಎಂಬುದೊಂದೇ ಯೋಚನೆ. ಸೀಲಿನ ಕೈ, ಕತ್ತರಿಸಿದ ಪರದೆ, ಬಾಗಿಲಲ್ಲಿ ಸೋಪು...

"ಅಮ್ಮ!" ಅಂದುಬಿಟ್ಟೆ.

"ಏನಂದೆ?"

"ಅಲ್ಲ ಮೇಡಂ, ಫಾಸ್ಫಟೇಸ್! ಫಾಸ್ಫೇಟನ್ನ ತಿಕ್ಕಿ ತೆಗೆಯೋ ಕಿಣ್ವ. ಅದು ತೆಗೆಯೋ ತನಕ ಲೈಪೇಸ್ ಬೆರಳಾಡಿಸ್ತಾನೇ ಇರುತ್ತೆ."

"ಲೈಪೇಸಿಗೆ ಬೆರಳಿದೆಯಾ?"

"ನಮ್ಮನೇದಕ್ಕೆ ಇದೆ ಮೇಡಂ."

ಅವರು ನಗು ತಡೆಯಲು ಹೋಗಿ ಕೆಮ್ಮಿದರು. ಪಾಸ್ ಎಂದು ಮಧ್ಯಾಹ್ನವೇ ಗೊತ್ತಾಯಿತು.

ಕಾಲೇಜಿನಿಂದ ಗೋದಾಮಿಗೆ ಓಡಿದೆ. ಬಾಗಿಲು ತಳ್ಳಿದ್ದೇ ತಡ, ಅಪ್ಪ ಒಳಗಿನಿಂದಲೇ ಗದರಿದ: "ಏಯ್, ಕಿಟಕಿ ಹತ್ರ ಹೋಗು!" ಸ್ವಂತ ಮಗಳಿಗೂ ವಿನಾಯಿತಿ ಇಲ್ಲ. ಬೆಲ್ ಒತ್ತಿ, ಕಿಟಕಿಯಲ್ಲಿ ಮುಖ ತೂರಿಸಿ, "ಪಾಸಾದೆ ಅಪ್ಪಾ," ಅಂದೆ. ಅಪ್ಪ ಕೂತಲ್ಲೇ ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣೊರೆಸಿಕೊಂಡ. ಸೂಪರ್‌ವೈಸರೇ ಎದ್ದು ಬಂದರು. ಕಿಟಕಿಯೊಳಗೆ ನನ್ನ ಕೈ ಎಳೆದುಕೊಂಡು ಮುಂಗೈ ಮೇಲೆ ಸೀಲು ಗುದ್ದಿದರು: ಮಂಜೂರು.

ಸಂಜೆ ಅಮ್ಮ ಎಂದಿನಂತೆ ಬಾಗಿಲಲ್ಲಿ ನಿಂತಿದ್ದಳು. ನಾವಿಬ್ಬರೂ ಕೈ ಚಾಚಿದೆವು. ನನ್ನ ಕೈಯನ್ನು ಬೆಳಕಿಗೆ ಹಿಡಿದು ಓದಿದಳು, ಇನ್ನೊಮ್ಮೆ ಓದಿದಳು.

"ಇದು ಇರ್ಲಿ ಬಿಡು," ಎಂದು ಅಪ್ಪನ ಕೈ ಎಳೆದುಕೊಂಡು ತಿಕ್ಕತೊಡಗಿದಳು.