ಕಿರುಬೆರಳಿಗೆ ಕಚ್ಚಿದ ಫಿನ್ಸ್

ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಮುಳುಗಿದವರನ್ನು ಎತ್ತುತ್ತಿದ್ದ ಈಜುಗಾರರೊಬ್ಬರಿದ್ದರು. ತೊಂಬತ್ತರ ದಶಕದಲ್ಲಿ ನೌಕಾಪಡೆಯಿಂದ ನಿವೃತ್ತನಾಗಿ ಹತ್ತಿರದ ನನ್ನೂರು ಅರಕೆರೆಗೆ ಮರಳಿದ ನಾನು ಅವರಿಗೆಂದು ಬೇರೆ ಬೇರೆ ಅಳತೆಯ ಎರಡು ಜೊತೆ ಫಿನ್ಸ್ ಒಯ್ದೆ. ಬೂಟಿನಂತೆ ಪಾದಕ್ಕೆ ತೊಡುವ ರಬ್ಬರಿನ ಈಜುರೆಕ್ಕೆಗಳು. ಬಿಗಿಯಾಗಿರುವ ಜೊತೆಯೇ ಒಳ್ಳೆಯದೆಂದೆ.

“ನೀರ್ಗಿಳ್ದು ನೋಡವ, ಸಾ,” ಎಂದರು. ಯಾವುದಕ್ಕೂ ಅವರದು ಅದೇ ಮಾತು. ಪಾದ ನೆನೆಸಿ, ಬಿಗಿಯಾದದ್ದನ್ನೇ ತೊಟ್ಟು ನದಿಗಿಳಿದರು.

ಅಷ್ಟರಲ್ಲಿ ಹೆಂಗಸೊಬ್ಬರು ಮೆಟ್ಟಿಲಿನಿಂದ ಜಾರಿ ಸೆಳವಿಗೆ ಸಿಕ್ಕರು. ಈಜುಗಾರರು ಫಿನ್ಸ್ ಕಿತ್ತು ಬಿಸಾಡಿ, ಬರಿಗಾಲಲ್ಲೇ ಈಜಿ ಆಕೆಯನ್ನು ದಡಕ್ಕೆ ತಂದರು. ಆಕೆ ಉಸಿರಾಡುವುದನ್ನು ಕಂಡ ಮೇಲೆ ತಮ್ಮ ಕೆಂಪಾದ ಕಿರುಬೆರಳನ್ನು ತೋರಿಸಿದರು.

“ಇಲ್ಲಿ ಕಚ್ತದೆ, ಸಾ. ಅಂಗಂತ ಇಮ್ಮಡೀಲಿ ಸಡ್ಲ ಆಗ್ಬಾರ್ದು.”

ಹಿಮ್ಮಡಿ ಮುಟ್ಟಿ ತೋರಿಸಿ, ಇನ್ನೊಂದು ಜೊತೆ ತೊಟ್ಟು ಮತ್ತೆ ನದಿಗಿಳಿದರು. ನಾನೂ ಚಪ್ಪಲಿ ಬಿಟ್ಟು ಅವರ ಹಿಂದೆ ಇಳಿದೆ.