ಬಿಲ್ಲಿನ ಬೆನ್ನಿಗಿದ್ದ ಆನೆ

ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ ಮೇಲೆ ಇಳಕಲ್ಲಿನ ಅವ್ವನ ಮನೆಯ ಫೋನು ಮೂರು ತಿಂಗಳು ಸತ್ತು ಬಿದ್ದಿತ್ತು. ಬಿಲ್ಲು ಮಾತ್ರ ತಪ್ಪದೆ ಬಂತು, ತೆರಿಗೆ ಸಮೇತ. ಅವ್ವ ತಪ್ಪದೆ ಕಟ್ಟಿದಳು. ಮಾತಾಡದ ಫೋನಿಗೆ ತೆರಿಗೆ ಯಾಕೆ ಎಂದು ನನಗೆ ಮೈಯೆಲ್ಲ ಉರಿಯಿತು.

“ಹೋಗ್ಲಿ ಬಿಡವಾ. ನಿನ್ನ ಕಾಲಾಗ ಚಕ್ರ ಐತಿ, ಒಂದ ಕಡೆ ಕುಂದ್ರಾಕ ಬರೂದಿಲ್ಲ,” ಎಂದಳು ಅವ್ವ. ಖರೆ ಮಾತು. ಅವಳು ಮಧ್ಯಾಹ್ನ ಅಡ್ಡಾಗಿದ್ದೇ ತಡ, ಗೋಡೆಯ ಗೂಡಿನಲ್ಲಿದ್ದ ಆ ಮೂರು ಬಿಲ್ಲುಗಳನ್ನು ಬಾಚಿಕೊಂಡು ನವನಗರದ ನಮ್ಮ ಮನೆಗೆ ಬಸ್ಸು ಹತ್ತಿದೆ.

ಮರುದಿನ ಟೆಲಿಫೋನ್ ಕಚೇರಿಯ ಗುಮಾಸ್ತ, “ಝೆರಾಕ್ಸ್ ನಡ್ಯಂಗಿಲ್ರಿ ಅಕ್ಕಾರ, ಅಸಲು ಬಿಲ್ಲ ಬೇಕು,” ಎಂದ. ಕೊಟ್ಟೆ. ತೆರಿಗೆ ವಾಪಸ್ ಕೇಳುವ ಅರ್ಜಿಯ ಜೊತೆ ಅವಕ್ಕೆ ತೂತು ಹೊಡೆದು ದಾರ ಕಟ್ಟಿದ. ನನಗೋ ಯುದ್ಧ ಗೆದ್ದ ಖುಷಿ.

ಸಂಜೆ, ರಿಪೇರಿಯಾಗಿದ್ದ ಅದೇ ಫೋನಿನಿಂದ ಅವ್ವ ಕೇಳಿದಳು: “ಗೂಡಿನಾಗಿನ ಕಾಗದ ನೀ ಒಯ್ದೇನ? ಅದರಾಗ ನಮ್ಮವ್ವನ ಆನಿ ಐತಲ್ಲ!”

ಅಜ್ಜಿಯ ಸೀರೆ ಪೂರ್ತಿ ಹರಿಯುವ ಮುಂಚೆ ಅದರ ಸೆರಗಿನ ಕಸೂತಿ ಆನೆಯನ್ನು ಅವ್ವ ಎಳೆ ಎಣಿಸಿ, ಈ ಮೂರು ಬಿಲ್ಲುಗಳ ಬೆನ್ನಿಗೆ ಸೂಜಿಯಿಂದ ಚುಚ್ಚಿ ಇಳಿಸಿಕೊಂಡಿದ್ದಳಂತೆ. ಆ ಸೀರೆ ಈಗ ಚಿಂದಿ. ಚಿಕ್ಕಂದಿನಲ್ಲಿ ನನ್ನ ಹೊಲಿಗೆಯನ್ನು ಅವಳು ಮೊದಲು ತಿರುವಿಯೇ ನೋಡುತ್ತಿದ್ದಳು. ಹಿಂದೆ ಗಂಟು ಕಂಡರೆ ಬಿಚ್ಚಿಸುತ್ತಿದ್ದಳು. “ಕಸೂತಿಗಿ ಎರಡೂ ಮಾರಿ ಒಂದ ಇರಬೇಕು,” ಎನ್ನುತ್ತಿದ್ದಳು. ಅಂಥವಳ ಮಗಳು ನಾನು, ಮೂರು ಕಾಗದ ತಿರುವಿ ನೋಡಿರಲಿಲ್ಲ.

ಬೆಳಿಗ್ಗೆ ಕಚೇರಿ ಬಾಗಿಲು ತೆರೆಯುವ ಮುಂಚೆಯೇ ಮೆಟ್ಟಿಲ ಮುಂದೆ ಶತಪಥ ಹಾಕುತ್ತಿದ್ದೆ. ಗುಮಾಸ್ತ ಫೈಲು ತೆಗೆದಾಗ, ನಕಲಾದರೂ ಸಾಕೆಂದು ಅದರಲ್ಲಿದ್ದಂತೆಯೇ ಬಿಲ್ಲುಗಳ ಬೆನ್ನಿನ ಫೋಟೊವನ್ನು ಮೊಬೈಲಿನಲ್ಲಿ ಹಿಡಿದೆ. ಸೂಜಿಯ ಗುರುತು ಒಂದೂ ಮೂಡಲಿಲ್ಲ; ಬೆರಳಿಗೆ ಮಾತ್ರ ತರಿತರಿ ಹತ್ತಿತು. ಬಿಲ್ಲುಗಳನ್ನೇ ವಾಪಸ್ ಕೇಳಿದೆ.

“ಬಿಲ್ಲ ಒಯ್ದ್ರ ಅರ್ಜಿ ರದ್ದ ಆಗ್ತೈತಿ ನೋಡ್ರಿ. ಬರೂ ರೊಕ್ಕ ಬಿಡ್ತೀರೇನ್ರಿ?” ಎಂದ ಗುಮಾಸ್ತ. ಹಿಂದಿನ ದಿನ ಅವನ ಮುಂದೆ ನ್ಯಾಯ ನೀತಿ ಮಾತಾಡಿದ್ದ ನಾನೇ, ಅರ್ಜಿ ಹಿಂಪಡೆದಿದ್ದೇನೆ ಎಂದು ಬರೆದು ಸಹಿ ಹಾಕಿದೆ. ನಾಚಿಕೆಯಾಯಿತು. ಇಳಕಲ್ಲಿನ ಬಸ್ಸಿನಲ್ಲಿ ಹುನಗುಂದ ದಾಟುವವರೆಗೂ ಚೀಲದ ಮೇಲಿಂದ ಕೈ ತೆಗೆಯಲಿಲ್ಲ.

ಅವ್ವ ಬೈಯಲಿಲ್ಲ. ಬಿಲ್ಲುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು. ಸೊಂಡಿಲು, ಅಂಬಾರಿ, ಕಾಲು, ಎಲ್ಲ ಸಣ್ಣ ಸಣ್ಣ ಬೆಳಕಿನ ಚುಕ್ಕಿಗಳಾಗಿ ಕಂಡವು. ಒಂದರಲ್ಲಿ ಗುಮಾಸ್ತ ಹೊಡೆದ ತೂತು ಆನೆಯ ಹೊಟ್ಟೆಯಲ್ಲಿತ್ತು. ಅವ್ವ ಅದರ ಮೇಲೆ ಬೆರಳಿಟ್ಟು, ಹೊಸ ಬಟ್ಟೆಯ ತುಂಡು, ಸೂಜಿ ದಾರವನ್ನು ನನ್ನ ಕಡೆ ಸರಿಸಿದಳು.

“ಕುಂದ್ರು. ಈ ದೊಡ್ಡ ತೂತು ನಮ್ಮವ್ವಂದಲ್ಲ, ನಿಂದು. ಇದನ್ನ ಬಿಟ್ಟು ಎಣಸು.”