ಕಾಲುವೆ ರಸ್ತೆಯ ಜೀಪು

ಗುಡುಗು ಬಂದರೆ ಎಲ್ಲಿಗೆ ಓಡುತ್ತೀರಿ ಎಂದು ಕೇಳಿದೆ. ಒಂಬತ್ತನೇ ತರಗತಿ ಒಟ್ಟಾಗಿ ಕಿಟಕಿಯಾಚೆಗಿನ ಬೇವಿನ ಮರದತ್ತ ಕೈ ತೋರಿಸಿತು. ಪ್ರಾರ್ಥನೆ, ಬಿಸಿಯೂಟ, ಬಸ್ಸಿಗೆ ಕಾಯುವುದು ಎಲ್ಲವೂ ಅದರ ಕೆಳಗೇ ನಡೆಯುವ ಶಾಲೆಯಲ್ಲಿ ಬೇರೆ ಉತ್ತರ ಬರುವಂತಿರಲಿಲ್ಲ.

ಸಿಂಧನೂರಿನಲ್ಲಿ ಪತ್ರಿಕೆಯ ವರದಿಗಾರನಾದ ನನ್ನನ್ನು ಮಸ್ಕಿ ಹತ್ತಿರದ ಆ ಪ್ರೌಢಶಾಲೆಗೆ ವಾರಕ್ಕೊಮ್ಮೆ ಮಾತಾಡಲು ಕರೆದವರು ವಿಜ್ಞಾನದ ಟೀಚರ್. ಪಾಠದಲ್ಲಿ ಭೂಕಂಪ, ಸುನಾಮಿ ಇದ್ದವು, ಸಿಡಿಲು ಇರಲಿಲ್ಲ. ನಮ್ಮ ಕಡೆ ಮಳೆ ಶುರುವಾದರೆ ನಾನು ಬರೆಯುವುದು ಸಿಡಿಲಿನ ಸುದ್ದಿ, ಅದರಲ್ಲಿ ಹೆಚ್ಚಿನವು ಮರದ ಬುಡದಲ್ಲಿ ನಡೆದದ್ದು. ಮರ ಬೇಡ, ಗಟ್ಟಿ ಕಟ್ಟಡದೊಳಗೆ ಹೋಗಿ ಎಂದೆ.

ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದಳು.

“ನಮ್ಮವ್ವ ದಢೇಸುಗೂರಿಗೆ ನೆಲ್ಲು ಹಚ್ಚಾಕ ಹೋಗ್ತಾಳ್ರಿ ಸರ್. ಅಲ್ಲಿ ಎತ್ತ ನೋಡಿದ್ರೂ ಗದ್ದಿನ ಅದಾವ. ಮರ ಒಂದ ಐತಿ. ಆಕಿ ಎಲ್ಲಿಗೆ ಹೋಗ್ಬೇಕ್ರಿ?”

ಅವರು ಅಲ್ಲಿಗೆ ಹೇಗೆ ಹೋಗುತ್ತಾರೆ ಎಂದು ಟೀಚರ್ ಕೇಳಿದರು. ಜೀಪಿನಲ್ಲಂತೆ. ಡ್ರೈವರ್ ಹೆಂಗಸರನ್ನು ಕಾಲುವೆ ರಸ್ತೆಯಲ್ಲಿ ಇಳಿಸಿ, ಸಂಜೆಯವರೆಗೆ ಲಿಂಗಸುಗೂರಿನ ಕಡೆ ಬಾಡಿಗೆ ಹೊಡೆಯುತ್ತಾನೆ. ಟೀಚರ್ ಬೋರ್ಡಿನ ಮೇಲೆ ಜೀಪು ಬರೆದರು. ಮೇಲೆ ತಗಡು ಇರುವ ಗಾಡಿಗೆ ಸಿಡಿಲು ಬಿದ್ದರೂ ಅದು ಹೊರಮೈಯಲ್ಲೇ ನೆಲಕ್ಕಿಳಿಯುತ್ತದೆ. ಗಾಜು ಏರಿಸಿ, ಕಬ್ಬಿಣ ಮುಟ್ಟದೆ ಕುಳಿತರಾಯಿತು. ಆದರೆ ಜೀಪು ಅಲ್ಲೇ ನಿಲ್ಲಬೇಕಲ್ಲ.

ಮುಂದಿನ ವಾರ ಹೋದಾಗ ಆ ಹುಡುಗಿ, ಅವ್ವ ನಕ್ಕುಬಿಟ್ಟಳು ಎಂದು ಹೇಳಿದಳು. “ಮುಗಿಲು ಗುಡುಗಿದ್ರ ಗಾಡ್ಯಾಗ ಕುಂದ್ರಬೇಕಂತ, ಹಂಗಾರ ನಾಟಿ ನಿಮ್ಮ ಸರ್ ಬಂದು ಹಚ್ತಾರೇನು ಅಂದ್ಲ್ರಿ.” ತರಗತಿ ನಕ್ಕಿತು, ನಾನೂ ನಕ್ಕೆ. ಅವಳು ಅಲ್ಲಿಗೇ ಬಿಟ್ಟಿರಲಿಲ್ಲ. ಆಳುಗಳನ್ನು ಕೂಡಿಸುವ ದೊಡ್ಡವ್ವನ ಮನೆಗೆ ಹೋಗಿ ಪಾಠವನ್ನೆಲ್ಲ ಒಪ್ಪಿಸಿ ಬಂದಿದ್ದಳು. ಮೋಡ ಕಟ್ಟಿದ ದಿನ ಗದ್ದೆ ಬಿಟ್ಟು ಹೋದರೆ ನಾಳೆಯಿಂದ ಬೇರೆ ಗಾಡಿ ನೋಡುತ್ತೇನೆ ಎಂದು ದೊಡ್ಡವ್ವ ಡ್ರೈವರ್‌ಗೆ ಹೇಳಿದಳಂತೆ.

ಆಮೇಲೊಂದು ಮಧ್ಯಾಹ್ನ, ನಾನು ತರಗತಿಯಲ್ಲಿದ್ದಾಗಲೇ ದಢೇಸುಗೂರಿರುವ ಸಿಂಧನೂರಿನ ದಿಕ್ಕು ಕಪ್ಪಾಯಿತು. ಗುಡುಗು ಕೇಳಿದ ಮೇಲೆ ಹುಡುಗಿಯ ಕಣ್ಣು ಕಿಟಕಿ ಬಿಟ್ಟು ಬೋರ್ಡಿನ ಕಡೆ ಬರಲೇ ಇಲ್ಲ. ಟೀಚರ್ ತಮ್ಮ ಫೋನು ಕೊಟ್ಟರು. ಅವ್ವನ ದೊಡ್ಡ ದನಿ ನಮಗೂ ಕೇಳಿಸಿತು.

“ಎಲ್ಲಾರೂ ಜೀಪಿನಾಗ ಕುಂತೀವಿ. ಗಾಜೂ ಏರ್ಸೀವಿ. ದೊಡ್ಡವ್ವ ನನ್ನ ತೊಡಿ ಮ್ಯಾಲೆ ಕುಂತಾಳ, ಅದೊಂದ ತ್ರಾಸು. ಇಡು ಫೋನ್, ಸಾಲಿ ಕಲಿ.”

ಹುಡುಗಿ ಫೋನು ಹಿಂದಿರುಗಿಸಿ, ಕಿಟಕಿಗೆ ಬೆನ್ನು ಹಾಕಿ ಕುಳಿತಳು.